ಕಡೇ ಕಾಯಿ ಬೀಜಕ್ಕೆ

ಸಂಕ್ರಾಂತಿಗೆ ತಂದ ಕಬ್ಬಿನ ಸಿಪ್ಪೆ ಹಿತ್ತಲಲ್ಲಿ ಇನ್ನೂ ಹಸಿಯಾಗಿಯೇ ಇದೆ. ಕೋಲಾರದ ಬಸ್ ಸ್ಟ್ಯಾಂಡಿನ ಎದುರು ಆಗಲೇ ಕಲ್ಲಂಗಡಿ ಹಣ್ಣಿನ ರಾಶಿ ಬಿದ್ದಿದೆ. ಮೊನ್ನೆ ಅಲ್ಲಿ ಬಸ್ಸಿಗೆ ಕಾಯುತ್ತಾ ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದೆ. ಹಣ್ಣಿನವನು ಒಂದು ಹೋಳು ಮುಂದೆ ಹಿಡಿದು, "ತಗೊಳ್ಳಿ ಮೇಡಂ, ಬೇಸಿಗೆ ಬಂದೇಬಿಡ್ತು" ಎಂದ. ಏನೋ ಶುಭಸಮಾಚಾರ ಹೇಳುವವನ ಹಾಗೆ ಹಲ್ಲು ಬಿಟ್ಟುಕೊಂಡು ಹೇಳಿದ. ನನಗೆ ರೇಗಿಹೋಯಿತು. ಬೆಳಿಗ್ಗೆ ಸ್ವೆಟರ್ ಹಾಕಿಕೊಳ್ಳಬೇಕಾದ ಕಾಲದಲ್ಲಿ ಕಲ್ಲಂಗಡಿ ತಿನ್ನುವುದು ಅಂಥ ಸಂತೋಷದ ವಿಷಯವೇ? ಅವನ ತಪ್ಪೇನೂ ಇರಲಿಲ್ಲ ಬಿಡಿ. ಹಣ್ಣು ಬೇಡವೆಂದು ಮುಖ ತಿರುಗಿಸಿದೆ. ಬಸ್ಸು ಬಂದು ಹತ್ತಿ ಕೂತರೂ ಸಿಟ್ಟು ಇಳಿಯಲಿಲ್ಲ. ಆ ಸಿಟ್ಟು ಈ ವರ್ಷದ್ದಲ್ಲ, ಕೆಲವು ವರ್ಷಗಳ ಹಿಂದೆ ಹೀಗೆಯೇ ಸಂಕ್ರಾಂತಿಯ ಬೆನ್ನಿಗೇ ಸೆಕೆ ಬಂದು ನಮ್ಮ ಮನೆಯ ಅವರೆ ಬೀಜ ಹೋಯಿತಲ್ಲ, ಆವತ್ತಿನದು.

ನಮ್ಮ ಊರು ಕ್ಯಾಲನೂರಿನ ಹತ್ತಿರ. ನಾನು ವಕ್ಕಲೇರಿಯ ಕಡೆ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ನನ್ನ ಗಂಡ ನಾಗರಾಜು ಹಳ್ಳಿಗಳ ಡೈರಿಗಳಿಂದ ಹಾಲಿನ ಕ್ಯಾನು ಸಾಗಿಸುವ ಗಾಡಿ ಓಡಿಸುತ್ತಾರೆ. ಮಾವನವರು ನಾನು ಆ ಮನೆಗೆ ಕಾಲಿಡುವ ಮೊದಲೇ ತೀರಿಕೊಂಡಿದ್ದರು. ಹೊಲ, ಹಸು, ನೆಂಟರು, ನಾವಿಬ್ಬರು, ಎಲ್ಲವೂ ಅತ್ತೆ ಮುನಿವೆಂಕಟಮ್ಮನವರ ಕೈಯಲ್ಲಿತ್ತು. ಅತ್ತೆಯ ಮಾತು ಕಡಿಮೆ, ಹಟ ಜಾಸ್ತಿ. ನನ್ನದು ಎರಡೂ ಜಾಸ್ತಿ.

ಹೊಲದಲ್ಲಿ ರಾಗಿಯ ನಡುವೆ, ಕಾಳಿಗೆಂದೇ ಬಿಡುವ ಅಕ್ಕಡಿ ಸಾಲಿನಲ್ಲಿ ಅವರೆ ಹಾಕುತ್ತಿದ್ದರು. ಊರಿನ ಮಿಕ್ಕವರೆಲ್ಲ ವರ್ಷವಿಡೀ ಕಾಯಿ ಬಿಡುವ ಅಂಗಡಿಯ ತಳಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಅತ್ತೆಯದು ಅವರ ಅತ್ತೆಯ ಕಾಲದಿಂದ ಬಂದ ಹಳೇ ಅವರೆ. ಅದು ಹೇಳಿದ ಹಾಗೆ ಕೇಳುವ ಗಿಡವಲ್ಲ. ಹಗಲು ಕುಗ್ಗಿ ಚಳಿ ಬೀಳುವ ತನಕ ಹೂ ತೋರಿಸುವುದಿಲ್ಲ. ರಾಗಿ ಕೊಯ್ದ ಮೇಲೆ ಬಯಲಾದ ಹೊಲದಲ್ಲಿ ಕೈಕಾಲು ಚಾಚಿ ಹರಡಿಕೊಂಡು, ರಾತ್ರಿಯ ಇಬ್ಬನಿ ಕುಡಿದುಕೊಂಡೇ ಕಾಯಿ ಕಟ್ಟುತ್ತದೆ. ಆ ಕಾಯಿಯ ಸೊಗಡು ಗೊತ್ತಿದ್ದವರಿಗೇ ಗೊತ್ತು. ಒಂದು ಮೊರ ಸುಲಿದರೆ ಅಂಗೈಗೆಲ್ಲ ಎಣ್ಣೆಯಂತೆ ಜಿಗುಟು ಹತ್ತಿ, ಸೋಪು ಹಾಕಿ ತೊಳೆದರೂ ಮಾರನೇ ದಿನದ ತನಕ ಘಮ್ಮೆನ್ನುತ್ತದೆ. ನಾನು ಬೋರ್ಡಿನ ಮೇಲೆ ಬರೆಯಲು ಹೋದರೆ ಮುಂದಿನ ಸಾಲಿನ ಮಕ್ಕಳು, "ಮಿಸ್, ನಿಮ್ಮನೇಲಿ ಇವತ್ತು ಹಿತಕಿದ ಬೇಳೆ ಸಾರಾ?" ಎಂದು ಕೇಳುತ್ತಿದ್ದವು.

ಈ ಅವರೆಗೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮೊದಲ ಕಾಯಿ ನೆಂಟರಿಗೆ, ನಡುವಿನದು ಮನೆಗೆ, ಕಡೇ ಕಾಯಿ ಬೀಜಕ್ಕೆ. ಧನುರ್ಮಾಸದಲ್ಲಿ ಕಾಯಿ ಬಲಿಯುತ್ತಿದ್ದ ಹಾಗೆ ನೆಂಟರಿಗೆಲ್ಲ ಫೋನು ಹೋಗುತ್ತಿತ್ತು. ಬಂದವರು ಹೊಲಕ್ಕೇ ಇಳಿದು ಬೇಕಾದಷ್ಟು ಕಿತ್ತುಕೊಂಡು ಹೋಗುವುದು. ಮೊದಲ ಸುತ್ತು ಹೀಗೆ ಖಾಲಿಯಾದರೆ ಗಿಡ ಮತ್ತೆ ಹೂ ಬಿಡುತ್ತಿತ್ತು. ಮಾಘದ ಚಳಿ, ಮಂಜು ಇರುವಾಗ ಆ ಎರಡನೇ ಹೂವು ಕಾಯಾಗಿ, ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಗಿಡದಲ್ಲೇ ಒಣಗುತ್ತಿತ್ತು. ಬೀಜ ಅದರಿಂದಲೇ. ಹುಳ ಬೀಳುತ್ತದೆಂದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೀಜ ಇಡುವ ಪದ್ಧತಿಯೂ ಇರಲಿಲ್ಲ. ಪ್ರತಿ ವರ್ಷ ಹೊಸ ಬೀಜ, ಪ್ರತಿ ವರ್ಷ ಕಡೇ ಕಾಯಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಅನ್ನುವುದನ್ನು ನಂಬಿಕೊಂಡು ಮಾಡಿದ ಲೆಕ್ಕ ಇದು. ಚಳಿ ಅದಕ್ಕಿಂತ ಮುಂಚೆಯೇ ಓಡಿಹೋದರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ.

ಆ ವರ್ಷ ಧನುರ್ಮಾಸದಲ್ಲೇ ನನಗೆ ಅನುಮಾನ ಹತ್ತಿತ್ತು. ಬೆಳಿಗ್ಗೆ ಬಸ್ಸಿಗೆ ನಡೆದು ಹೋಗುವಾಗ ಹುಲ್ಲಿನ ಮೇಲಿನ ಮಂಜಿಗೆ ಸೀರೆಯ ಅಂಚು ಒದ್ದೆಯಾಗಬೇಕು. ಆಗುತ್ತಿರಲಿಲ್ಲ. ಶಾಲೆಯ ಬೇವಿನ ಮರದಲ್ಲಿ ಯುಗಾದಿಗೆ ಬರಬೇಕಾದ ಹೂವು ಸಂಕ್ರಾಂತಿಗೆ ಮುಂಚೆ ಇಣುಕುತ್ತಿತ್ತು. ಒಂದು ಭಾನುವಾರ ಹಳೇ ಕೆಂಪು ರವಿಕೆಯೊಂದನ್ನು ಹರಿದು, ಹೊಲದಲ್ಲಿ ಚೆನ್ನಾಗಿ ಕಾಯಿ ಹಿಡಿದಿದ್ದ ಕೆಲವು ಗಿಡಗಳಿಗೆ ಒಂದೊಂದು ಚಿಂದಿ ಕಟ್ಟಿ ಬಂದೆ. ಇವನ್ನು ಯಾರೂ ಮುಟ್ಟಬಾರದು, ಈ ಸಲ ಮೊದಲ ಕಾಯಿಯಿಂದಲೇ ಸ್ವಲ್ಪ ಬೀಜ ಬಿಡೋಣ ಎಂಬುದು ನನ್ನ ಆಲೋಚನೆ. ಸಂಜೆ ಅತ್ತೆ ಹೊಲದಿಂದ ಬಂದವರೇ ಆ ಚಿಂದಿಗಳನ್ನೆಲ್ಲ ಮುದ್ದೆ ಮಾಡಿ ನನ್ನ ಮುಂದೆ ಹಾಕಿದರು.

"ಇದೇನೇ ಇದು?"

"ಬೀಜಕ್ಕೆ ಅಂತ ಗುರುತು ಹಾಕಿದ್ದೆ ಅತ್ತೆ. ಈ ಸಲ ಚಳಿ ನಿಲ್ಲೋ ಹಂಗೆ ಕಾಣಲ್ಲ. ಎರಡನೇ ಹೂವು ಬರದೇ ಹೋದ್ರೆ?"

"ಬರದೇ ಎಲ್ಲೋಗುತ್ತೆ? ನೆಂಟ್ರು ಹೊಲಕ್ಕೆ ಬರೋ ಹೊತ್ತಲ್ಲಿ ಗಿಡಕ್ಕೆ ಬಟ್ಟೆ ಕಟ್ಟಿ, ಇದು ನಿಂದಲ್ಲ ಕೈ ತೆಗಿ ಅಂತೀಯಾ? ನಮ್ಮನೇಲಿ ಅಂಥದ್ದು ನಡೆದಿಲ್ಲ ಕಣಮ್ಮ."

ನಾಗರಾಜು ಗಾಡಿ ತೊಳೆಯುತ್ತಿದ್ದವರು, "ಲೇ, ಅವರೆ ವಿಷ್ಯ ಅಮ್ಮನಿಗೆ ಬಿಡು" ಎಂದರು. ಬಿಟ್ಟೆ. ಬಿಡದೆ ಏನು ಮಾಡಲಿ?

ಆ ಸಂಕ್ರಾಂತಿಗೆ ನೆಂಟರು ಬಂದದ್ದನ್ನು ನೋಡಬೇಕಿತ್ತು. ಶ್ರೀನಿವಾಸಪುರದಿಂದ ನಾದಿನಿ ರತ್ನ, ಅವಳ ಗಂಡ, ಅವಳ ಅತ್ತೆ. ಮುಳಬಾಗಿಲಿನ ಕಡೆಯಿಂದ ನಮ್ಮತ್ತೆಯ ಅಕ್ಕ, ನಾವೆಲ್ಲ ದೊಡ್ಡಮ್ಮ ಅನ್ನುವವರು. ಮಾಲೂರಿನ ಲಕ್ಕೂರಿನಿಂದ ನಾಗರಾಜುವಿನ ಚಿಕ್ಕಪ್ಪನ ಮಗ ಮಂಜುನಾಥ ಬೈಕಿನಲ್ಲಿ ಎರಡು ಗೋಣಿಚೀಲ ಕಟ್ಟಿಕೊಂಡೇ ಬಂದಿದ್ದ. ಹೊಲದ ತುಂಬ ನಗೆ, ಮಾತು. ಬದುವಿನ ಮೇಲೆ ಬೇಯಿಸಿದ ಅವರೆಕಾಯಿ, ಗೆಣಸು, ಕಡಲೆಕಾಯಿ. ಅತ್ತೆ ಮುಂದೆ ನಿಂತು, "ಆ ಸಾಲು ಬಿಟ್ಟುಬಿಟ್ರಲ್ಲ, ಅದನ್ನೂ ಕಿತ್ಕೊಳ್ಳಿ" ಎಂದು ತೋರಿಸಿಕೊಡುತ್ತಿದ್ದರು. ಅವರ ಮುಖದಲ್ಲಿ ಅಷ್ಟು ಬೆಳಕನ್ನು ವರ್ಷದ ಬೇರೆ ಯಾವ ದಿನವೂ ನಾನು ಕಂಡಿಲ್ಲ. ನಿಜ ಹೇಳಬೇಕೆಂದರೆ ಆವತ್ತು ನನಗೂ ಖುಷಿಯಾಗಿತ್ತು. ಸಿಟ್ಟು ಬರುವುದು ಅದಕ್ಕೇ. ಕೆಟ್ಟವರು ಯಾರೂ ಇಲ್ಲದೆ ಹೋದರೆ ಬೈಯುವುದು ಯಾರನ್ನು?

ನೆಂಟರು ಹೋದರು, ಚಳಿಯೂ ಅವರ ಹಿಂದೆಯೇ ಹೋಯಿತು. ಒಂದು ರಾತ್ರಿ ಹೊದ್ದಿದ್ದ ಕಂಬಳಿಯನ್ನು ಮಾರನೇ ರಾತ್ರಿ ಕಾಲಿಂದ ಒದ್ದೆವು. ಆಮೇಲೆ ಫ್ಯಾನು ಹಾಕಿದೆವು. ಶಾಲೆಯಲ್ಲಿ ಹತ್ತು ಗಂಟೆಗೇ ಮಕ್ಕಳು ನೀರಿನ ಬಾಟಲಿ ಖಾಲಿ ಮಾಡಿ ತೂಕಡಿಸುತ್ತಿದ್ದವು. ಮೂರನೇ ಕ್ಲಾಸಿಗೆ ಋತುಗಳ ಪಾಠ ಮಾಡುತ್ತಾ, ಪುಷ್ಯ ಮಾಘದಲ್ಲಿ ಚಳಿ ಇರುತ್ತದೆ ಎಂದು ಬೆವರು ಒರೆಸಿಕೊಂಡು ಹೇಳಿದೆ. ಒಬ್ಬಳು ಹುಡುಗಿ ಎದ್ದು ನಿಂತು, "ಎಲ್ಲಿ ಮಿಸ್?" ಎಂದಳು. ಕೂತ್ಕೋ ಎಂದು ಗದರಿಸಿದೆ.

ಹೊಲದಲ್ಲಿ ಎರಡನೇ ಹೂವು ಬಂತು. ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಗಿಡವೆಲ್ಲ ಬಿಳಿಯ ಗೊಂಚಲು ಗೊಂಚಲು ಹೂವು. ಅತ್ತೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿ, "ನೋಡಮ್ಮ, ಬರಲ್ಲ ಅಂದ್ಯಲ್ಲ" ಎಂದರು. ಮೂರು ನಾಲ್ಕು ದಿನ ಅಷ್ಟೇ. ಶನಿವಾರ ಶಾಲೆ ಮುಗಿಸಿ ಹೋಗಿ ನೋಡಿದರೆ ಹೂವೆಲ್ಲ ನೆಲದ ಮೇಲಿತ್ತು, ಗಿಡದಲ್ಲಿ ಬರೀ ಕಡ್ಡಿ. ಹೆಚ್ಚುಕಡಿಮೆ ಒಂದು ಹೂವೂ ಕಾಯಿ ಕಚ್ಚಿರಲಿಲ್ಲ. ಕಚ್ಚಿದ ನಾಲ್ಕಾರು ಕಡೆ ಕರೀ ಹೇನು ಮುತ್ತಿ ಕಪ್ಪಗಾಗಿತ್ತು. ಅತ್ತೆ ಕೂತು ಒಂದೊಂದೇ ಕಡ್ಡಿಯನ್ನು ತಿರುಗಿಸಿ ನೋಡುತ್ತಿದ್ದರು. ನಾನು ಹೇಳಿದ್ದೆನಲ್ಲ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಅವರ ಬೆನ್ನು ನೋಡಿ ನಾನೂ ಪಕ್ಕದ ಸಾಲಿನಲ್ಲಿ ಕೂತೆ.

ನಾಗರಾಜು ಪಕ್ಕದ ಹೊಲದವರನ್ನು ಕೇಳಿ ಅವರ ಬೋರಿನಿಂದ ಪೈಪು ಎಳೆದು ನೀರು ಬಿಟ್ಟರು. ಬಿಸಿಲಿಗೆ ಬಳಲಿದ್ದ ಗಿಡ ನೀರು ಕಂಡು ಎಲೆಯೇನೋ ಜೋರಾಗಿ ಬಿಟ್ಟಿತು. ಹೊಸದಾಗಿ ಬಂದ ಹೂವು ಮಾತ್ರ ಮತ್ತೆ ಉದುರಿತು. "ಗಿಡ ಚೆನ್ನಾಗಿದೆಯಲ್ಲ!" ಎಂದು ದಾರಿಹೋಕರೆಲ್ಲ ಹೇಳಿಹೋದರು. ಹಾಗೆ ಹೇಳಿದವರ ಮೇಲೆಲ್ಲ ನನಗೆ ಉರಿ.

ಒಂದು ಬೆಳಿಗ್ಗೆ ಎದ್ದರೆ ಅತ್ತೆ ಮನೆಯಲ್ಲಿಲ್ಲ, ಬಕೆಟ್ಟೂ ಇಲ್ಲ. ಹುಡುಕಿಕೊಂಡು ಹೊಲಕ್ಕೆ ಹೋದೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅತ್ತೆ ಎಡಗೈಯಲ್ಲಿ ಬಕೆಟ್ ಹಿಡಿದು, ಬಲಗೈಯ ಹೊಂಗೆ ಸೊಪ್ಪಿನ ಕಟ್ಟನ್ನು ನೀರಿಗೆ ಅದ್ದಿ ಅದ್ದಿ ಸಾಲು ಸಾಲಾಗಿ ಗಿಡದ ಮೇಲೆ ಚಿಮುಕಿಸುತ್ತಾ ಬರುತ್ತಿದ್ದರು. ಪೂಜೆಯ ತೀರ್ಥ ಚಿಮುಕಿಸುತ್ತಾರಲ್ಲ, ಹಾಗೆ.

"ಏನ್ ಮಾಡ್ತಿದ್ದೀರ ಅತ್ತೆ?"

"ಮಂಜು ಬೀಳ್ತಿಲ್ವಲ್ಲ."

ಅಷ್ಟೇ ಹೇಳಿದರು. ಮಂಜು ಬೀಳುತ್ತಿಲ್ಲ, ಅದಕ್ಕೆ ಅವರೇ ಮಂಜು ಹಾಕುತ್ತಿದ್ದರು. ನನಗೆ ನಗು ಬರಲಿಲ್ಲ, ಅಳು ಬಂತು. ಮನೆಗೆ ಹೋಗಿ ಇನ್ನೊಂದು ಬಕೆಟ್ ತಂದೆ. ಆಮೇಲೆ ಶಿವರಾತ್ರಿಯ ತನಕ ದಿನವೂ ಸೂರ್ಯ ಹುಟ್ಟುವ ಮುಂಚೆ ಅತ್ತೆ ಸೊಸೆ ಇಬ್ಬರೂ ಹೊಲದಲ್ಲಿ ಇಬ್ಬನಿ ಬೀಳಿಸಿದೆವು. ಸೊಂಟ ಬಿದ್ದುಹೋಗುತ್ತಿತ್ತು. ನನಗೆ ಬಸ್ಸು ತಪ್ಪುತ್ತಿತ್ತು, ಹೆಡ್‌ಮಾಸ್ಟರು ಗಡಿಯಾರ ನೋಡುತ್ತಿದ್ದರು. ನಾವು ಹಾಕಿದ ಮಂಜು ಎಷ್ಟು ಹೊತ್ತು ನಿಲ್ಲುತ್ತಿತ್ತು? ಬಿಸಿಲು ಬೀಳುತ್ತಲೇ ಮಾಯ. ಬೆಳಿಗ್ಗೆ ಎಂಟಕ್ಕೆಲ್ಲ ಎಲೆ ಮುಟ್ಟಿದರೆ ಕಾಗದದ ಹಾಗೆ ಒಣಗಿರುತ್ತಿತ್ತು. ಆ ಬಿಸಿಲನ್ನು ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ಬೈದರೆ ತಾನೆ ಏನು, ಅದು ಅದರ ಪಾಡಿಗೆ ಏರುತ್ತಿತ್ತು.

ಬದುವಿನ ಹೊಂಗೆ ಮರದ ನೆರಳಲ್ಲಿದ್ದ ಗಿಡಗಳು ಮಾತ್ರ ಕೊಂಚ ಕಾಯಿ ಉಳಿಸಿಕೊಂಡವು. ಒಣಗಿದ ಮೇಲೆ ಬಿಡಿಸಿದರೆ ಒಂದು ಬೊಗಸೆಯೂ ಆಗಲಿಲ್ಲ, ಆದದ್ದೂ ಸುಕ್ಕು ಸುಕ್ಕು. ಬಿಸಿಲಿಗೆ ಹೆದರಿ ಹೊಟ್ಟೆ ತುಂಬುವ ಮೊದಲೇ ಒಣಗಿಬಿಟ್ಟ ಕಾಳು. ನಾಲ್ಕು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿದೆ. ನಾಲ್ಕೂ ಕೊಳೆತು ನಾತ ಹೊಡೆಯಿತು. ಅತ್ತೆಗೆ ಹೇಳಿದಾಗ ಅವರು ಮಿಕ್ಕ ಕಾಳನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಮಣ್ಣಿಗೆ ಬಿದ್ರೆ ಹುಟ್ತವೆ. ಬಟ್ಟೇಲಿ ಹುಟ್ಟೋಕೆ ಅದೇನು ಹೆಸರುಕಾಳಾ?" ಎಂದರು. ಆದರೆ ಅವರ ದನಿಯಲ್ಲಿ ಮೊದಲಿನ ಹಟ ಇರಲಿಲ್ಲ.

ಮುಂಗಾರಿಗೆ ಇನ್ನೂ ಸಮಯವಿತ್ತು. ನೆಂಟರ ಮನೆಗಳಲ್ಲಿ ಎಲ್ಲಾದರೂ ಬೀಜ ಸಿಗಬಹುದೆಂದು ನಾನೇ ಹೊರಟೆ. ಅತ್ತೆ ಬರಲಿಲ್ಲ. ಕೊಟ್ಟದ್ದನ್ನು ವಾಪಸ್ಸು ಕೇಳಲು ಅವರಿಗೆ ಬಾಯಿ ಬರುವುದಿಲ್ಲ. ನನಗೆ ಬರುತ್ತದೆ.

ಮೊದಲು ಲಕ್ಕೂರಿನ ಮಂಜುನಾಥನಿಗೆ ಫೋನು ಮಾಡಿದೆ. "ಅಯ್ಯೋ ಅತ್ತಿಗೆ, ಎರಡು ಚೀಲಾನೂ ಫ್ಯಾಕ್ಟರೀಲಿ ನಮ್ಮ ಶಿಫ್ಟಿನೋರಿಗೆಲ್ಲ ಹಂಚಿಬಿಟ್ಟೆ. ಬಿಹಾರದ ಹುಡುಗ್ರು ಸಿಪ್ಪೆ ಸಮೇತ ತಿಂದವ್ರೆ! ಮುಂದಿನ ವರ್ಷ ಮೂರು ಚೀಲ ತತ್ತೀನಿ" ಎಂದ. ಅವನ ಮನೆಗೂ ಹಿಂದೆ ಒಮ್ಮೆ ಅತ್ತೆ ಬೀಜ ಕೊಟ್ಟಿದ್ದರು, ಬಿತ್ತಲಿಲ್ಲವೇ ಎಂದೆ. ಹೊಲವನ್ನು ಗುಲಾಬಿ ಬೆಳೆಯುವವರಿಗೆ ಬಾಡಿಗೆಗೆ ಕೊಟ್ಟು ಎಷ್ಟೋ ದಿನವಾಯಿತಂತೆ.

ಶ್ರೀನಿವಾಸಪುರಕ್ಕೆ ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಮಾವಿನ ತೋಟ. ಹೂವೆಲ್ಲ ಕರಕಲಾಗಿ ಮರಗಳು ಮಂಕಾಗಿ ನಿಂತಿದ್ದವು. ಬಸ್ಸಿನಲ್ಲಿ ಎಲ್ಲರದೂ ಅದೇ ಮಾತು. ರತ್ನ ಬಾಗಿಲಲ್ಲೇ ಕೈಹಿಡಿದುಕೊಂಡಳು. ವಿಷಯ ತಿಳಿದು ಅವಳ ಮುಖ ಸಪ್ಪಗಾಯಿತು. ತವರಿನ ಬೀಜವೆಂದು ಮದುವೆಯಾದ ಹೊಸದರಲ್ಲಿ ಅವಳೂ ಬಿತ್ತಿದ್ದಳಂತೆ. ಆಮೇಲೆ ಹೊಲವೆಲ್ಲ ಮಾವಿನ ತೋಟವಾಗಿ ಕಾಳು ಬಿತ್ತಲು ಜಾಗವಿಲ್ಲದಾಯಿತು. ಅವಳ ಅತ್ತೆಗೆ ತೆಲುಗೇ ಹೆಚ್ಚು ಸರಾಗ. ಅವರು ಒಳಗಿನಿಂದಲೇ ಕೂಗಿ ಹೇಳಿದರು: "ಅಂತಾ ಪಿತುಕುಪಪ್ಪು ಚೇಸೇಸ್ತಿಮಮ್ಮಾ! ಎಂತ ಬಾಗುಂಡಿಂದೋ!" ಎಲ್ಲವನ್ನೂ ಹಿತಕಿದ ಬೇಳೆ ಮಾಡಿ ತಿಂದಾಯಿತು, ಎಷ್ಟು ಚೆನ್ನಾಗಿತ್ತು ಗೊತ್ತಾ ಎಂದು. ಕೋಪ ಮಾಡಿಕೊಳ್ಳುವ ಹಾಗೂ ಇಲ್ಲ. ಊಟ ಮಾಡಿಸಿ, ಕುಂಕುಮ ಕೊಟ್ಟು ಕಳಿಸಿದರು.

ಮುಳಬಾಗಿಲಿನ ಆಚೆಯ ದೊಡ್ಡಮ್ಮನ ಊರಿಗೆ ಹೋದದ್ದು ಮಾತ್ರ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ದೊಡ್ಡಮ್ಮ ನನ್ನ ಮಾತು ಕೇಳಿ, "ಬೀಜ ತಾನೆ? ಬಲಿತಿದ್ದನ್ನೆಲ್ಲ ಬೇರೆ ತೆಗೆದು ಚೆನ್ನಾಗಿ ಒಣಗಿಸಿದ್ನಲ್ಲ, ಇರು" ಎಂದು ಒಳಗೆ ಹೋದರು. ಸಿಕ್ಕಿಬಿಟ್ಟಿತು ಎಂದುಕೊಂಡೆ. ಅತ್ತೆಗೆ ಫೋನು ಮಾಡಲು ಮೊಬೈಲು ಕೈಗೆ ತೆಗೆದೂ ಆಯಿತು. ದೊಡ್ಡಮ್ಮ ದೊಡ್ಡದೊಂದು ಸ್ಟೀಲ್ ಡಬ್ಬಿ ತಂದು ಮುಚ್ಚಳ ತೆಗೆದರು. ತುಂಬ ಅವರೆಕಾಳು. ನೆನೆಸಿ, ಸಿಪ್ಪೆ ತೆಗೆದು, ಎಣ್ಣೆಯಲ್ಲಿ ಕರಿದು, ಮೆಣಸಿನ ಪುಡಿ, ಕರಿಬೇವು, ಉಪ್ಪು ಹಾಕಿದ ಕಾಳು.

"ಹೋದ ವಾರಾನೇ ಕರಿದೆ ಕಣಮ್ಮ. ಮೊಮ್ಮಕ್ಕಳು ಬಂದಿದ್ರು. ಬೀಜಕ್ಕೆ ಬೇಕು ಅಂತ ಒಂದು ಮಾತು ಹೇಳಿದ್ರೆ ಇಟ್ಟಿರ್ತಿದ್ದೆ. ನಿಮ್ಮತ್ತೆ ಹತ್ರಾನೇ ಇಲ್ದೇ ಹೋಗುತ್ತೆ ಅಂತ ಯಾರಿಗೆ ಗೊತ್ತು? ತಿನ್ನು, ತಿಂದು ನೋಡು."

ತಿಂದೆ. ತುಂಬ ರುಚಿಯಾಗಿತ್ತು. ಅಷ್ಟು ರುಚಿಯಾಗಿತ್ತಲ್ಲ ಎಂಬುದಕ್ಕೇ ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿಯಾಯಿತೇ ಎಂದು ದೊಡ್ಡಮ್ಮ ನೀರು ತಂದುಕೊಟ್ಟರು. ಬರುವಾಗ ಒಂದು ಪೊಟ್ಟಣ ಕಟ್ಟಿಕೊಟ್ಟರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನಮ್ಮದು ಬೀಜವನ್ನೇ ಅಟ್ಟು ಮುಗಿಸಿದ ಕಥೆ. ಆ ಪೊಟ್ಟಣವನ್ನು ಮನೆಯಲ್ಲಿ ಅತ್ತೆಗೆ ಕೊಡಲು ಮನಸ್ಸಾಗದೆ ಬಸ್ಸಿನಲ್ಲಿ ಪಕ್ಕದವರಿಗೆ ಕೊಟ್ಟುಬಿಟ್ಟೆ. ಮನೆಗೆ ಬಂದು, ಎಲ್ಲೂ ಇಲ್ಲ ಅತ್ತೆ ಎಂದೆ. ಅವರು "ಹೂಂ" ಎಂದು ಹಸುವಿಗೆ ಹುಲ್ಲು ಹಾಕಲು ಹೋದರು.

ರಾಗಿ ಬಿತ್ತನೆಯ ದಿನ ಅತ್ತೆ ಆವತ್ತು ಸೆರಗಿನಲ್ಲಿ ಕಟ್ಟಿ ಎತ್ತಿಟ್ಟಿದ್ದ ಕಾಳನ್ನು ತಮ್ಮ ಕೈಯಾರೆ ಅಕ್ಕಡಿ ಸಾಲಿಗೆ ಹಾಕಿದರು. ಆ ಸಲ ಮಳೆ ಹದವಾಗಿ ಬಂತು. ರಾಗಿ ಹಸಿರಾಗಿ ಎದ್ದಿತು. ಅವರೆಯ ಸಾಲು ಬೋಳಾಗಿಯೇ ಇತ್ತು. ಅತ್ತೆ ದಿನವೂ ಹೋಗಿ ಕೂತು ಬೆರಳಿನಿಂದ ಮಣ್ಣು ಕೆದಕಿ ನೋಡುತ್ತಿದ್ದರು. ಕಡೆಗೊಂದು ಸಂಜೆ ನಾಗರಾಜುವಿಗೆ, "ಅಂಗಡೀಲಿ ಯಾವ್ದು ಸಿಗುತ್ತೋ ಅದೇ ತಂದು ಹಾಕು, ಸಾಲು ಖಾಲಿ ಇರಬಾರದು" ಎಂದರು. ಹಾಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ. ಗೆದ್ದೆ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

ಅಂಗಡಿಯ ಅವರೆಗೆ ಚಳಿಯ ಹಂಗೇ ಇಲ್ಲ. ರಾಗಿ ತೆನೆ ಬಿಡುವ ಮೊದಲೇ ಹೂವು, ಕೊಯ್ಲಿಗೆ ಮೊದಲೇ ಕಾಯಿ. ಕಿತ್ತಷ್ಟೂ ಬಂತು. ಸಂಕ್ರಾಂತಿಗೆ ಯಥಾಪ್ರಕಾರ ನೆಂಟರೆಲ್ಲ ಬಂದರು. ಮಂಜುನಾಥ ಹೇಳಿದ ಹಾಗೆ ಮೂರು ಚೀಲ ತಂದಿದ್ದ. ರತ್ನ ಒಂದು ಕಾಯಿ ಬಿಡಿಸಿ ಮೂಗಿನ ಹತ್ತಿರ ಹಿಡಿದಳು, ತಾಯಿಯ ಕಡೆ ನೋಡಿದಳು, ಮತ್ತೆ ಕೀಳಲು ಬಗ್ಗಿದಳು. ಮಿಕ್ಕವರಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. "ಈ ಸಲ ಕಾಯಿ ಇನ್ನೂ ದಪ್ಪ ಐತೆ, ನಿಮ್ಮ ಹೊಲದ ಅವರೆಗೆ ಸಾಟಿ ಇಲ್ಲ ಬಿಡಿ" ಎಂದು ದೊಡ್ಡಮ್ಮ ಹೊಗಳಿದರು. ಅತ್ತೆ ಎಲ್ಲರಿಗೂ ಕೈತುಂಬ ಕಿತ್ತು ಕೊಟ್ಟರು. ಆದರೆ ಆ ಸಾಲು ಬಿಟ್ಟಿರಿ, ಈ ಸಾಲು ಬಿಟ್ಟಿರಿ ಎಂದು ತೋರಿಸಿಕೊಟ್ಟದ್ದನ್ನು ನಾನು ಕೇಳಲಿಲ್ಲ.

ನೆಂಟರು ಹೋದ ಮೇಲೂ ಗಿಡದಲ್ಲಿ ಬೇಕಾದಷ್ಟು ಕಾಯಿ ಉಳಿದಿತ್ತು, ಹೊಸ ಹೂವೂ ಇತ್ತು. ಈ ಸಲವಾದರೂ ಹುಷಾರಾಗಿರಬೇಕೆಂದು ನಾನು ಕೇಳಿದೆ.

"ಬೀಜಕ್ಕೆ ಎಷ್ಟು ಸಾಲು ಬಿಡೋಣ ಅತ್ತೆ?"

ಅತ್ತೆ ಕೊಟ್ಟಿಗೆಯ ಕಡೆ ಹೊರಟಿದ್ದವರು ನಿಂತರು.

"ಅಂಗಡೀಲಿ ಸಿಗೋದಕ್ಕೆ ಬೀಜ ಯಾಕಮ್ಮ ಬಿಡಬೇಕು?" ಎಂದರು.

ಕೊಟ್ಟಿಗೆಗೆ ಹೋಗಿ ಹಸುವಿನ ಹಗ್ಗ ಬಿಚ್ಚಿ, ತಾವೇ ನಡೆಸಿಕೊಂಡು ಬಂದು, ಹೂವು ಕಾಯಿ ತುಂಬಿದ್ದ ಆ ಹೊಲಕ್ಕೆ ಬಿಟ್ಟರು.